ನೀರಿನ ಕೊಡ ಎಷ್ಟು ದೂರದಲ್ಲಿದೆ?

ಹೊಲದಲ್ಲಿ ಹತ್ತು ಹದಿನೈದು ಜನ ಕೂಲಿಗೆ ಇಳಿದಿದ್ದಾರೆಂದರೆ ನೀರಿನ ಕೊಡ ಎಲ್ಲಿದೆ ಎಂದು ಮೊದಲು ನೋಡಬೇಕು. ಬಹಳ ಕಡೆ ಅದು ಬದುವಿನ ಆಚೆ, ಬೇವಿನ ಮರದ ಬುಡದಲ್ಲಿರುತ್ತದೆ. ಕಳೆ ಕೀಳುವವರು, ಮೆಣಸಿನಕಾಯಿ ಬಿಡಿಸುವವರು ಸಾಲು ಹಿಡಿದು ಮುಂದೆ ಮುಂದೆ ಹೋದಂತೆ ಕೊಡ ದೂರವಾಗುತ್ತಲೇ ಇರುತ್ತದೆ. ಬಾಯಾರಿತೆಂದು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದು, ಪಕ್ಕದವರು ಮುಂದೆ ಸರಿದಿರುತ್ತಾರೆ. ಮೇಸ್ತ್ರಿ ಒಂದು ಮಾತು ಅನ್ನುತ್ತಾನೆ. ಗುತ್ತಿಗೆ ಲೆಕ್ಕದ ಕೆಲಸವಾದರೆ ಮಾತಿನ ಜೊತೆಗೆ ಕೂಲಿಯೂ ಹೋಗುತ್ತದೆ. ಹಾಗಾಗಿ ‘ಈ ಸಾಲು ಮುಗಿಸಿ ಕುಡಿದರಾಯ್ತು’ ಎಂದು ಕೆಲಸ ಮುಂದುವರಿಯುತ್ತದೆ. ಆ ಸಾಲು ಮುಗಿದ ಮೇಲೆ ಇನ್ನೊಂದು ಸಾಲು ಕಾದಿರುತ್ತದೆ.

ಬಿಸಿಲಲ್ಲಿ ದುಡಿಯುವವರ ಮೂತ್ರಪಿಂಡದ ಬಗ್ಗೆ ಬರೆಯುವಾಗ ನಾನು ಈ ಕೊಡದಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ‘ಚೆನ್ನಾಗಿ ನೀರು ಕುಡಿಯಿರಿ’ ಎಂಬ ಸಲಹೆಯನ್ನು ಎಲ್ಲರೂ ಕೇಳಿದ್ದಾರೆ. ಕುಡಿಯಬಾರದೆಂದು ಹಟ ಹಿಡಿದ ಕೂಲಿಕಾರರು ಎಲ್ಲೂ ಇಲ್ಲ. ನೀರು ಕೈಗೆ ಸಿಗುವಂತಿಲ್ಲ, ಕುಡಿಯಲು ಬಿಡುವಿಲ್ಲ, ಹೆಂಗಸರಿಗಾದರೆ ಕುಡಿದ ಮೇಲೆ ಹೋಗಲು ಮರೆಯಿಲ್ಲ. ಈ ಮೂರನ್ನು ಸರಿಪಡಿಸದೆ ಹೇಳುವ ಬುದ್ಧಿಮಾತು ಯಾವ ಮೂತ್ರಪಿಂಡವನ್ನೂ ಉಳಿಸದು. ಆದ್ದರಿಂದ ಈ ಲೇಖನ ದುಡಿಯುವವರಿಗೆ ಎಷ್ಟೋ, ದುಡಿಸಿಕೊಳ್ಳುವವರಿಗೂ ಅಷ್ಟೇ.

ಕಬ್ಬಿನ ಗದ್ದೆಗಳಿಂದ ಬಂದ ಎಚ್ಚರಿಕೆ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ನಿಕರಾಗುವಾ ದೇಶಗಳ ಪೆಸಿಫಿಕ್ ಕರಾವಳಿಯಲ್ಲಿ ಕಬ್ಬು ಕಡಿಯುವ ಗಂಡಸರು ಮೂತ್ರಪಿಂಡ ಸೋತು ಸಾಯತೊಡಗಿದ್ದು ವೈದ್ಯರಿಗೆ ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರ ಮೂತ್ರಪಿಂಡ ಕೆಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇವರಿಗೆ ಎರಡೂ ಇರಲಿಲ್ಲ. ಹಲವರು ಇಪ್ಪತ್ತು, ಮೂವತ್ತರ ಹರೆಯದವರು, ಗಟ್ಟಿಮುಟ್ಟಾದ ಆಳುಗಳು. 2002ರಲ್ಲಿ ಎಲ್ ಸಾಲ್ವಡಾರ್‌ನ ವೈದ್ಯರು ಕಾರಣ ತಿಳಿಯದ ಈ ಕಾಯಿಲೆಯ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನಿಕರಾಗುವಾದ ಚಿಚಿಗಾಲ್ಪ ಪಟ್ಟಣದ ಪಕ್ಕದ ‘ಲಾ ಇಸ್ಲಾ’ ಎಂಬ ಊರಿನಲ್ಲಿ ಎಷ್ಟು ಗಂಡಸರು ತೀರಿಕೊಂಡರೆಂದರೆ ಜನ ಅದನ್ನು ವಿಧವೆಯರ ದ್ವೀಪ ಎಂದೇ ಕರೆದರು.

ಇದರ ಹಿಂದೆ ಏನೇನಿದೆ ಎಂಬ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ಕೀಟನಾಶಕ, ಕುಡಿಯುವ ನೀರು, ಸುಟ್ಟ ಕಬ್ಬಿನ ಬೂದಿ, ಸೋಂಕು ಎಲ್ಲದರ ಮೇಲೂ ಸಂಶೋಧಕರು ಕಣ್ಣಿಟ್ಟಿದ್ದಾರೆ. ನಮ್ಮ ನೆರೆಯ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ, ಶ್ರೀಲಂಕಾದ ಅನುರಾಧಪುರ, ಪೊಲನ್ನರುವ ಸುತ್ತಲಿನ ಭತ್ತದ ಸೀಮೆಯಲ್ಲಿ ಇಂಥದೇ ಕಾಯಿಲೆ ರೈತಾಪಿ ಜನರನ್ನು ಹಿಡಿದಿದೆ. ಅಲ್ಲಿಯೂ ಒಂದೇ ಕಾರಣಕ್ಕೆ ಬೆರಳು ತೋರಿಸಲು ಬರುವುದಿಲ್ಲ. ಆದರೆ ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳ ಮಟ್ಟಿಗೆ ಒಂದು ಸಂಗತಿ ಮತ್ತೆ ಮತ್ತೆ ಗಟ್ಟಿಯಾಗುತ್ತ ಬಂದಿದೆ. ಬಿಸಿಲಿನಲ್ಲಿ ಮೈಮುರಿದು ದುಡಿದು, ನೀರು ಮತ್ತು ವಿಶ್ರಾಂತಿ ಎರಡಕ್ಕೂ ಎರವಾಗುವವರ ಮೂತ್ರಪಿಂಡಕ್ಕೆ ಒಂದೇ ಹಂಗಾಮಿನೊಳಗೆ ಪೆಟ್ಟು ಬೀಳುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಅವರು ಕಂಡುಕೊಂಡ ಪರಿಹಾರ. ಎಲ್ ಸಾಲ್ವಡಾರ್‌ನಲ್ಲಿ 2014-15ರ ಕಬ್ಬಿನ ಹಂಗಾಮಿನಲ್ಲಿ ಕಡಿಯುವವರ ಬೆನ್ನಿಗೆ ನೀರಿನ ಚೀಲ ಕೊಟ್ಟರು, ಹೊಲದಿಂದ ಹೊಲಕ್ಕೆ ಸಾಗಿಸಬಹುದಾದ ನೆರಳಿನ ಚಪ್ಪರ ತಂದರು, ಬಿಡುವಿನ ಹೊತ್ತು ಗೊತ್ತು ಮಾಡಿದರು, ಕೈಗೆ ಹಗುರವಾಗುವ ಕತ್ತಿ ಕೊಟ್ಟರು. ಜನ ಕುಡಿಯುವ ನೀರು ಕಾಲು ಭಾಗ ಹೆಚ್ಚಿತು, ತಲೆಸುತ್ತು, ಸೆಳೆತದ ದೂರುಗಳು ಕಡಿಮೆಯಾದವು. ಕೆಲಸ ಕುಂಠಿತವಾಗುತ್ತದೆ ಎಂದು ಹೆದರುವ ಮಾಲೀಕರು ಮುಂದಿನ ಅಂಕಿ ಗಮನಿಸಬೇಕು: ಒಬ್ಬ ಆಳು ದಿನಕ್ಕೆ ಕಡಿಯುತ್ತಿದ್ದ ಕಬ್ಬು 5.1 ಟನ್‌ನಿಂದ 7.3 ಟನ್‌ಗೆ ಏರಿತು. ಮುಂದೆ ನಿಕರಾಗುವಾದ ಕಾರ್ಖಾನೆಯೊಂದರಲ್ಲಿ ಬಿಡುವಿನ ಅವಧಿಯನ್ನು ಇನ್ನಷ್ಟು ಹೆಚ್ಚಿಸಿದಾಗ ಹಂಗಾಮಿನಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾಗುವವರ ಸಂಖ್ಯೆಯೂ ಇಳಿಯಿತು. ‘ನೀರು, ವಿಶ್ರಾಂತಿ, ನೆರಳು’ ಎಂಬ ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಉಳಿದೆರಡರ ಬಲ ಕುಗ್ಗುತ್ತದೆ. ನೀರು ಸಾಕಷ್ಟು ಕುಡಿದೂ ಬಿಡುವಿಲ್ಲದೆ ದುಡಿದವರಿಗೆ ತೊಂದರೆ ತಪ್ಪಲಿಲ್ಲ.

ಒಳಗೆ ನಡೆಯುವುದೇನು

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ವಾಪಸು ಹೀರಿಕೊಳ್ಳುತ್ತವೆ. ಇಷ್ಟು ಕೆಲಸಕ್ಕೆ ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಅವಕ್ಕೆ ಬೇಕು. ಬಿಸಿಲಲ್ಲಿ ಗುದ್ದಲಿ ಹಿಡಿದಾಗ ಲೆಕ್ಕ ತಲೆಕೆಳಗಾಗುತ್ತದೆ. ಮೈಯ ಶಾಖ ಹೊರಹಾಕಲು ರಕ್ತ ಚರ್ಮದ ಕಡೆ ಹರಿಯುತ್ತದೆ, ದುಡಿಯುವ ಸ್ನಾಯುಗಳೂ ರಕ್ತ ಕೇಳುತ್ತವೆ. ಬೆವರು ಹರಿದು ರಕ್ತದ ಪ್ರಮಾಣವೇ ಇಳಿದಿರುತ್ತದೆ. ಮೂತ್ರಪಿಂಡದ ಪಾಲು ಕಡಿತವಾಗುತ್ತದೆ. ಇದ್ದ ನೀರನ್ನು ಉಳಿಸಿಕೊಳ್ಳಲು ಅದು ಮೂತ್ರವನ್ನು ಗಟ್ಟಿ ಮಾಡುತ್ತ ಹೋಗುತ್ತದೆ. ಅತಿ ದುಡಿಮೆಯಿಂದ ಸ್ನಾಯುಗಳು ಜಖಂಗೊಂಡರೆ ಅವುಗಳಿಂದ ಸೋರಿದ ವಸ್ತುಗಳೂ, ಹೆಚ್ಚಾದ ಯೂರಿಕ್ ಆಮ್ಲವೂ ಬಂದು ಇದೇ ಸೂಕ್ಷ್ಮ ನಾಳಗಳಲ್ಲಿ ಸೇರುತ್ತವೆ.

ಒಂದು ದಿನ ಹೀಗಾದರೆ ರಾತ್ರಿ ಉಂಡು, ಕುಡಿದು, ಮಲಗಿ ಏಳುವಷ್ಟರಲ್ಲಿ ಬಹುಪಾಲು ಸರಿಹೋಗುತ್ತದೆ. ತಿಂಗಳುಗಟ್ಟಲೆ ದಿನವೂ ಇದೇ ನಡೆದರೆ ಪ್ರತಿ ಪೆಟ್ಟಿನ ಜಾಗದಲ್ಲಿ ಸ್ವಲ್ಪ ಸ್ವಲ್ಪ ಕಲೆಗಟ್ಟುತ್ತ ಬರುತ್ತದೆ. ಹೋದ ಸೋಸುಘಟಕ ಮತ್ತೆ ಹುಟ್ಟುವುದಿಲ್ಲ. ಹೀಗೆ ಕೆಡುವ ಮೂತ್ರಪಿಂಡ ನೋಯುವುದೂ ಇಲ್ಲ. ಅರ್ಧದಷ್ಟು ಶಕ್ತಿ ಹೋದರೂ ಮನುಷ್ಯ ಎಂದಿನಂತೆ ಓಡಾಡಿಕೊಂಡಿರುತ್ತಾನೆ. ಕಾಲು ಊದಿ, ಊಟ ಸೇರದೆ, ವಾಂತಿಯಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಡಯಾಲಿಸಿಸ್ ಮಾತು ಬಂದಿರುತ್ತದೆ.

ನಮ್ಮ ರಾಜ್ಯದಲ್ಲಿ ಇದನ್ನು ಕಬ್ಬಿನ ಗ್ಯಾಂಗುಗಳಿಗಷ್ಟೇ ಕಟ್ಟಿಹಾಕಬಾರದು. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಕಡಿತ ಬಹುತೇಕ ಕಡುಬೇಸಿಗೆಗೆ ಮೊದಲೇ ಮುಗಿಯುತ್ತದೆ. ನಿಜವಾದ ಉರಿ ಏಪ್ರಿಲ್, ಮೇ ತಿಂಗಳದ್ದು. ರಾಯಚೂರು, ಕಲಬುರಗಿಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಆ ದಿನಗಳಲ್ಲಿ ಕೆರೆಯ ಹೂಳೆತ್ತುವವರು, ತುಂಗಭದ್ರಾ ಕಾಲುವೆ ಬಯಲಿನಲ್ಲಿ ಬೇಸಿಗೆ ಭತ್ತದ ಕೆಲಸಕ್ಕೆ ಇಳಿಯುವವರು, ಇಟ್ಟಿಗೆ ಭಟ್ಟಿಯವರು, ಗುಳೆ ಹೋಗಿ ಕಟ್ಟಡ ಕೆಲಸಕ್ಕೆ ನಿಲ್ಲುವವರು ಎಲ್ಲರೂ ಇದರೊಳಗೇ ಬರುತ್ತಾರೆ. ಕರಾವಳಿಯವರು ತಮ್ಮಲ್ಲಿ 35 ಡಿಗ್ರಿಯಷ್ಟೇ ಅಲ್ಲವೇ ಎಂದು ನಿರಾಳವಾಗುವಂತಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ನೀರು ಮಾತ್ರ ಖರ್ಚಾಗುತ್ತಲೇ ಇರುತ್ತದೆ.

ಎಷ್ಟು, ಯಾವಾಗ

ಬಿಸಿಲಿನಲ್ಲಿ ಮೈಬಗ್ಗಿಸಿ ದುಡಿಯುವವರಿಗೆ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಹೋಗುತ್ತದೆ. ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸಂಸ್ಥೆ ನಿಯೋಶ್ ಹೇಳುವ ಅಳತೆ ನೆನಪಿಡಲು ಸುಲಭ: ಪ್ರತಿ 15-20 ನಿಮಿಷಕ್ಕೊಮ್ಮೆ ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿಲೀಟರ್. ಗಂಟೆಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಆಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಒಂದೇ ಸಲ ತಂಬಿಗೆ ಎತ್ತಿ ಕುಡಿದರೆ ಹೊಟ್ಟೆ ಭಾರವಾಗುತ್ತದೆಯೇ ಹೊರತು ಬೆಳಗಿನಿಂದ ಒಣಗಿದ್ದು ಸರಿಹೋಗುವುದಿಲ್ಲ. ಬಾಯಾರುವವರೆಗೆ ಕಾಯಬಾರದು. ಬಾಯಾರಿಕೆ ತಡವಾಗಿ ಬರುತ್ತದೆ. ವಯಸ್ಸಾದವರಿಗೆ ಇನ್ನೂ ತಡ.

ಅತಿಯೂ ಕೂಡದು. ಗಂಟೆಗೆ ಸುಮಾರು 1.4 ಲೀಟರಿಗಿಂತ ಹೆಚ್ಚು ಬರಿ ನೀರು ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಅಪಾಯಕ್ಕೆ ಇಳಿಯಬಹುದು. ತಲೆನೋವು, ವಾಂತಿ, ಗಲಿಬಿಲಿ ಅದರ ಲಕ್ಷಣ. ಇನ್ನೊಂದು ಮುಖ್ಯ ಎಚ್ಚರಿಕೆ: ಹೃದಯ ದುರ್ಬಲವಾಗಿ ಅಥವಾ ಮೂತ್ರಪಿಂಡದ ಕಾಯಿಲೆ ಮುಂದುವರಿದು ನೀರಿಗೆ ಮಿತಿ ಹಾಕಿಸಿಕೊಂಡವರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಅಂಥವರು ಬಿಸಿಲ ಕೆಲಸಕ್ಕೇ ಹೋಗಬಾರದು, ಹೋಗಲೇಬೇಕಾದ ಸ್ಥಿತಿಯಿದ್ದರೆ ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಈಗ ಕೂಲಿಗೆ ಕರೆಯುವವರ ಲೆಕ್ಕ ನೋಡೋಣ. ಹದಿನೈದು ಜನ, ಆರು ಗಂಟೆ ಕೆಲಸ, ತಲೆಗೆ ಗಂಟೆಗೆ ಮುಕ್ಕಾಲು ಲೀಟರ್ ಎಂದರೆ 67 ಲೀಟರ್ ಮೇಲಾಯಿತು. ಇಪ್ಪತ್ತು ಲೀಟರಿನ ನಾಲ್ಕು ಕ್ಯಾನು ಬೇಕು. ಬದುವಿನ ಮೇಲಿರುವ ಒಂದು ಕೊಡ, ಒಂದು ಪ್ಲಾಸ್ಟಿಕ್ ಚೊಂಬು ಅದರ ಕಾಲು ಭಾಗವೂ ಆಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರುವ ಖರ್ಚು ಬೀಜ, ಗೊಬ್ಬರ, ಔಷಧಿಯ ಖರ್ಚಿನ ಮುಂದೆ ಲೆಕ್ಕಕ್ಕೇ ಬಾರದು. ಟ್ರ್ಯಾಕ್ಟರಿನಲ್ಲೋ ಬೈಕಿನಲ್ಲೋ ಬೆಳಿಗ್ಗೆಯೇ ಬಂದುಬಿಡಬೇಕು. ಗೋಣಿತಾಟು ನೆನೆಸಿ ಸುತ್ತಿದರೆ ಮಧ್ಯಾಹ್ನದವರೆಗೂ ತಂಪಿರುತ್ತದೆ. ಬಿಸಿ ನೀರನ್ನು ಜನ ಕಡಿಮೆ ಕುಡಿಯುತ್ತಾರೆ, ಆದ್ದರಿಂದ ತಂಪು ಇಲ್ಲಿ ಶೋಕಿಯಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಾಲು ಮುಂದೆ ಹೋದಂತೆ ಕ್ಯಾನೂ ಮುಂದೆ ಹೋಗಬೇಕು. ತಂಡದಲ್ಲಿ ವಯಸ್ಸಾದವರೊಬ್ಬರಿಗೆ ನೀರು ಕೊಡುವುದನ್ನೇ ಕೆಲಸವಾಗಿ ಒಪ್ಪಿಸಿ ಪೂರ್ತಿ ಕೂಲಿ ಕೊಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ತಮ್ಮದೇ ಬಾಟಲಿಯನ್ನು ಹಗ್ಗದಲ್ಲಿ ಸೊಂಟಕ್ಕೋ ಹೆಗಲಿಗೋ ಕಟ್ಟಿಕೊಂಡವರು, ಅದಿಲ್ಲದವರಿಗಿಂತ ಹೆಚ್ಚು ಸಲ ಗುಟುಕರಿಸುತ್ತಾರೆ.

ಕೀಟನಾಶಕದ ಖಾಲಿ ಕ್ಯಾನನ್ನು ಎಷ್ಟೇ ತೊಳೆದರೂ ನೀರಿಗೆ ಬಳಸಬೇಡಿ. ಇದನ್ನು ಬರೆಯುವ ಅಗತ್ಯವೇ ಇರಬಾರದಿತ್ತು, ಆದರೆ ಹೊಲಗಳಲ್ಲಿ ಇನ್ನೂ ಕಾಣಸಿಗುತ್ತದೆ. ಆ ಕ್ಯಾನಿಗೆ ತೂತು ಹೊಡೆದು ಮತ್ತೆ ಬಳಸಲಾಗದಂತೆ ಮಾಡಿಬಿಡಿ. ಔಷಧಿ ಹೊಡೆಯುವವರು ಕೈ, ಬಾಯಿ ತೊಳೆಯದೆ ನೀರು ಮುಟ್ಟಬಾರದು.

ಏನು ಕುಡಿಯಬೇಕು

ದಾಹಕ್ಕೆ ಮೊದಲು ನೀರೇ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಎರಡು ಮೂರು ಗಂಟೆ ಮೀರಿದ ಕೆಲಸಕ್ಕೆ ಉಪ್ಪು ಬೆರೆತದ್ದು ಜೊತೆಗೆ ಬೇಕು. ಇದಕ್ಕೆ ನಮ್ಮ ಅಡುಗೆಮನೆಗಳಲ್ಲಿ ಇರುವ ಸಿದ್ಧತೆ ಸಾಲದೆಂದು ನನಗೆ ಅನಿಸುವುದಿಲ್ಲ. ಬಯಲುಸೀಮೆಯ ರಾಗಿ ಅಂಬಲಿ, ಉತ್ತರ ಕರ್ನಾಟಕದ ಜೋಳದ ಅಂಬಲಿ, ನುಚ್ಚಿಗೆ ಕಲಸಿದ ಮಜ್ಜಿಗೆ, ಉಪ್ಪು ಹಾಕಿ ತೆಳ್ಳಗೆ ಕಡೆದ ನೀರುಮಜ್ಜಿಗೆ, ಉಪ್ಪು ಸಕ್ಕರೆ ಚಿಟಿಕೆಯಷ್ಟು ಹಾಕಿದ ನಿಂಬೆ ಶರಬತ್ತು ಇವೆಲ್ಲ ನೀರು, ಉಪ್ಪು, ಒಂದಿಷ್ಟು ಕಸುವು ಮೂರನ್ನೂ ಕೊಡುತ್ತವೆ. ಬೆಳಿಗ್ಗೆ ಚಹಾ ಕುಡಿದು ಬರಿಹೊಟ್ಟೆಯಲ್ಲಿ ಹೊಲಕ್ಕೆ ಹೊರಡುವುದಕ್ಕಿಂತ ಒಂದು ದೊಡ್ಡ ಲೋಟ ಅಂಬಲಿ ಕುಡಿದು ಹೊರಡುವುದು ಎಷ್ಟೋ ಮೇಲು. ರೊಟ್ಟಿ, ಪಲ್ಯ, ಉಪ್ಪಿನಕಾಯಿ ಇರುವ ಊಟ ಹೊತ್ತಿಗೆ ಸರಿಯಾಗಿ ಸಿಕ್ಕವರಿಗೆ ಬೇರೆ ಉಪ್ಪಿನ ಮಾತ್ರೆ ಬೇಡವೇ ಬೇಡ. ರಕ್ತದೊತ್ತಡ ಇರುವವರು ಮಜ್ಜಿಗೆಗೆ ಉಪ್ಪು ಸುರಿದುಕೊಳ್ಳಬಾರದು.

ಸೆಳೆತ ಬಂದಾಗ, ವಾಂತಿ ಭೇದಿಯಾದಾಗ, ಇಡೀ ದಿನ ಬೆವರು ಕಿತ್ತು ಬಂದಾಗ ಓಆರ್‌ಎಸ್ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಕರಗಿಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಪೊಟ್ಟಣ ಸಿಗುತ್ತದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪೇಯಗಳನ್ನು ಓಆರ್‌ಎಸ್ ಎಂದು ನಂಬಿ ಕೊಳ್ಳಬೇಡಿ. ಸೂತ್ರಕ್ಕೆ ಹೊಂದದ ಪೇಯಗಳ ಮೇಲೆ ಆ ಹೆಸರು ಹಾಕಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ.

ಬಣ್ಣದ ಕೂಲ್‌ಡ್ರಿಂಕ್ಸ್ ವಿಚಾರದಲ್ಲಿ ಕಟ್ಟುನಿಟ್ಟಾಗಿರಬೇಕು. ಬಿಸಿಲಿನಲ್ಲಿ ದಣಿದವರು ನೀರಿನ ಬದಲು ಸಕ್ಕರೆ ತುಂಬಿದ ತಂಪು ಪೇಯ ಕುಡಿದರೆ ಮೂತ್ರಪಿಂಡದ ಮೇಲಿನ ಒತ್ತಡದ ಸೂಚಕಗಳು ಏರಿದ್ದು ಪ್ರಯೋಗಗಳಲ್ಲಿ ಕಂಡಿದೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬಲಾರದು. ಮೂತ್ರಪಿಂಡದ ಕಾಯಿಲೆ ಈಗಾಗಲೇ ಇರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯುವಂತಿಲ್ಲ. ಒಂದೆರಡು ಸಣ್ಣ ಕಪ್ ಚಹಾದಿಂದ ತೊಂದರೆಯೇನಿಲ್ಲ. ಸಂಜೆ ದಣಿವಿಗೆಂದು ಹೆಂಡಕ್ಕೆ ಹೋಗುವವರು, ಹಗಲೆಲ್ಲ ಬತ್ತಿದ ಮೈಯನ್ನು ರಾತ್ರಿಯೂ ಬತ್ತಿಸುತ್ತಾರೆ.

ಹೆಂಗಸರು ನೀರು ಕುಡಿಯದಿರುವುದೇಕೆ

ಕಳೆ, ನಾಟಿ, ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ಅವರಲ್ಲಿ ಎಷ್ಟೋ ಜನ ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವವರೆಗೆ ಮೂತ್ರಕ್ಕೆ ಹೋಗುವುದಿಲ್ಲ. ಬಯಲು ಹೊಲದಲ್ಲಿ ಗಂಡಸರ ಜೊತೆ ಕೆಲಸ, ಗಿಡಮರದ ಮರೆಯಿಲ್ಲ, ಹಾವು ಹುಳದ ಭಯ ಬೇರೆ. ಇದಕ್ಕೆ ಅವರು ಕಂಡುಕೊಂಡ ದಾರಿಯೇ ನೀರು ಕುಡಿಯದಿರುವುದು. ಮೂತ್ರ ಕಟ್ಟಿಕೊಂಡು, ಗಟ್ಟಿ ಮೂತ್ರ ಗಂಟೆಗಟ್ಟಲೆ ಒಳಗೇ ನಿಂತು ಸೋಂಕಾಗುತ್ತದೆ. ಉರಿಮೂತ್ರ, ಕಿಬ್ಬೊಟ್ಟೆ ನೋವು ಪದೇ ಪದೇ ಬರುತ್ತವೆ. ‘ಉಷ್ಣ ಆಗಿದೆ’ ಎಂದು ಸುಮ್ಮನಾಗುತ್ತಾರೆ. ಚಳಿಜ್ವರ, ಬೆನ್ನಿನ ಪಕ್ಕೆ ನೋವು ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರ್ಥ. ಬಸುರಿಯರಿಗೆ ಇದು ಹೊಟ್ಟೆಯ ಕೂಸಿಗೂ ಅಪಾಯ.

ಪರಿಹಾರ ದುಬಾರಿಯದಲ್ಲ. ನಾಲ್ಕು ಬಿದಿರು ಗಳ, ಹಳೆಯ ಸೀರೆ ಅಥವಾ ಶೇಡ್‌ನೆಟ್, ಒಳಗೆ ಒಂದು ಸಣ್ಣ ಗುಂಡಿ, ಹೊರಗೆ ಒಂದು ಬಕೆಟ್ ನೀರು. ಹೊಲದ ಒಂದು ಮೂಲೆಯಲ್ಲಿ ಕಟ್ಟಿಕೊಟ್ಟರೆ ಹಂಗಾಮು ಪೂರ್ತಿ ನಡೆಯುತ್ತದೆ. ತೊಗರಿ, ಜೋಳ ನಿಂತ ಕಾಲದಲ್ಲಿ ಬೆಳೆಯೇ ಮರೆಯಾಗುತ್ತದೆ, ಬೇಸಿಗೆಯ ಬಯಲಿನಲ್ಲಿ ಹಾಗಾಗುವುದಿಲ್ಲ. ಮನೆ ಹೆಂಗಸರನ್ನು ಹೊಲಕ್ಕೆ ಕಳಿಸುವ ಯಾವ ಜಮೀನುದಾರನಿಗೂ ಇದರ ಅಗತ್ಯ ವಿವರಿಸಿ ಹೇಳಬೇಕಾಗಿಲ್ಲ. ಕೂಲಿಯ ಹೆಂಗಸರಿಗೂ ಅದೇ ಮರ್ಯಾದೆ ಸಲ್ಲಬೇಕೆಂಬುದಷ್ಟೇ ನನ್ನ ಕೋರಿಕೆ. ಮೇಸ್ತ್ರಿ ಗಂಡಸಾಗಿದ್ದರೆ, ಬಿಡುವು ಕೇಳಲು ತಂಡದ ಹಿರಿಯಕ್ಕ ಒಬ್ಬರಿಗೆ ಅಧಿಕಾರ ಕೊಟ್ಟುಬಿಡುವುದು ಒಳ್ಳೆಯದು.

ಮೈಕೈ ನೋವಿನ ಮಾತ್ರೆ

ನೀರಿನಷ್ಟೇ ಗಂಭೀರವಾದ ವಿಷಯ ಇದು. ಸಂಜೆ ಸೊಂಟ ಹಿಡಿದುಕೊಂಡು ಮನೆಗೆ ಬಂದವರು ಕಿರಾಣಿ ಅಂಗಡಿಯಲ್ಲೇ ಸಿಗುವ ನೋವಿನ ಮಾತ್ರೆ ನುಂಗುತ್ತಾರೆ. ಕೆಲವರು ಬೆಳಿಗ್ಗೆಯೇ ನುಂಗಿ ಹೊಲಕ್ಕಿಳಿಯುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್, ನಿಮೆಸುಲೈಡ್ ಈ ಜಾತಿಯವು. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡ ತನ್ನ ರಕ್ತನಾಳವನ್ನು ಅಗಲಿಸಿಟ್ಟುಕೊಂಡು ರಕ್ತ ಬರುವಂತೆ ನೋಡಿಕೊಳ್ಳುತ್ತದೆ. ಈ ಮಾತ್ರೆಗಳು ಆ ರಕ್ಷಣೆಯನ್ನೇ ಕಿತ್ತುಹಾಕುತ್ತವೆ. ನೀರಡಿಸಿದ ಮೈ, ಬಿಸಿಲು, ನೋವಿನ ಮಾತ್ರೆ ಮೂರೂ ಒಟ್ಟಾದಾಗ ಒಂದೆರಡು ದಿನದಲ್ಲೇ ಮೂತ್ರಪಿಂಡ ಕೈಕೊಡಬಹುದು.

ನೋವಿಗೆ ಮಾತ್ರೆ ಬೇಕೇ ಬೇಕಾದರೆ ಪ್ಯಾರಸಿಟಮಾಲ್ ಮೂತ್ರಪಿಂಡಕ್ಕೆ ಹೆಚ್ಚು ಸುರಕ್ಷಿತ, ಅದೂ ಹೇಳಿದ ಪ್ರಮಾಣ ಮೀರದಂತೆ, ಹೆಂಡ ಕುಡಿಯುವವರಾಗಿರದಿದ್ದರೆ. ‘ಎರಡು ಮೂರು ಸೇರಿಸಿ’ ಕಟ್ಟಿಕೊಡುವ ಬಣ್ಣದ ಮಾತ್ರೆಗಳಲ್ಲಿ ಏನಿದೆ ಎಂದು ಕೇಳದೆ ನುಂಗಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಬಿಸಿಲ ಹಂಗಾಮಿಗೆ ಮುನ್ನವೇ ವೈದ್ಯರಿಗೆ ತಮ್ಮ ಕೆಲಸ ಎಂಥದೆಂದು ಹೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯೂ ಅದರಲ್ಲಿದ್ದೀತು. ವಾಂತಿ ಭೇದಿ ಆದ ದಿನ ಯಾವುದನ್ನು ನಿಲ್ಲಿಸಬೇಕೆಂಬುದನ್ನು ಮುಂಚಿತವಾಗಿ ಕೇಳಿಟ್ಟುಕೊಳ್ಳಿ, ತಾವಾಗಿ ನಿಲ್ಲಿಸಬೇಡಿ.

ಕೆಲಸದ ಹೊತ್ತು

ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸುವುದು, ಬೇಕಿದ್ದರೆ ನಾಲ್ಕರ ಮೇಲೆ ಮತ್ತೆ ಇಳಿಯುವುದು ನಮ್ಮ ಹಿರಿಯ ರೈತರಿಗೆ ಹೊಸದಲ್ಲ. ಕಡುಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಬದಲಾಗುತ್ತವೆ. ಫ್ಯಾನಿನ ಕೆಳಗೆ ಕೂತವರಿಗೆ ಸಿಗುವ ರಿಯಾಯಿತಿ ಬಿಸಿಲಲ್ಲಿ ನಿಂತವರಿಗೆ ಮೊದಲು ಸಿಗಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲೇ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬರೆದಿತ್ತು. ಖಾಸಗಿ ಹೊಲದಲ್ಲಿ ಅದನ್ನು ಕೇಳುವವರಿಲ್ಲ ಎಂಬ ಕಾರಣಕ್ಕೆ ಅದು ಬೇಡವಾಗುವುದಿಲ್ಲ.

ಹೊಸದಾಗಿ ಸೇರಿದವರ ಬಗ್ಗೆ ವಿಶೇಷ ಗಮನವಿರಲಿ. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಐದನೇ ಒಂದು ಪಾಲು ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕೆಂದು ನಿಯೋಶ್ ಹೇಳುತ್ತದೆ. ಜ್ವರ ಬಂದು ವಾರ ಮಲಗಿದ್ದವರೂ, ಊರ ಜಾತ್ರೆಗೆ ಹೋಗಿ ಹತ್ತು ದಿನ ಬಿಟ್ಟು ಬಂದವರೂ ಮತ್ತೆ ಹೊಸಬರೇ. ಟನ್ ಲೆಕ್ಕದಲ್ಲಿ, ಮುಂಗಡ ಪಡೆದು ಬಂದ ತಂಡಗಳಲ್ಲಿ ಇದು ಕಷ್ಟ ಎಂಬುದು ನನಗೆ ಗೊತ್ತು. ಮುಂಗಡ ತೀರಿಸುವ ಅವಸರ ದೇಹದ ಎಚ್ಚರಿಕೆಯನ್ನು ಮೀರಿಸುತ್ತದೆ. ಅಲ್ಲಿ ಬಿಡುವಿನ ಹೊತ್ತನ್ನು ಕೂಲಿಕಾರನ ಇಷ್ಟಕ್ಕೆ ಬಿಡದೆ, ಇಡೀ ತಂಡ ಒಟ್ಟಿಗೆ ಗಂಟೆಗೆ ಹತ್ತು ನಿಮಿಷ ನೆರಳಿಗೆ ಬರುವಂತೆ ತಂಡದ ಮುಂದಾಳು ಮುಕಾದಮನೇ ಸೀಟಿ ಊದಬೇಕು. ಎಲ್ಲರೂ ನಿಂತಾಗ ಯಾರೂ ಹಿಂದೆ ಬೀಳುವುದಿಲ್ಲ.

ಇವು ಕಂಡರೆ ತಡ ಮಾಡಬೇಡಿ

ಮೂತ್ರದ ಬಣ್ಣ ಎಲ್ಲರೂ ನೋಡಿಕೊಳ್ಳಬಹುದಾದ ಅಳತೆ. ಬೆಳಗಿನ ಮೊದಲ ಮೂತ್ರ ಗಾಢವಿರುವುದು ಸಹಜ. ಹಗಲಿನಲ್ಲಿ ತಿಳಿ ಹಳದಿ ಇರಬೇಕು. ಗಾಢ ಹಳದಿಯಾಗಿ, ವಾಸನೆ ಬಂದು, ಸ್ವಲ್ಪ ಸ್ವಲ್ಪವೇ ಹೋದರೆ ನೀರು ಸಾಲದು. ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡವರಿಗೆ ಹಳದಿಯಾಗುವುದು ಬೇರೆ ವಿಷಯ. ಕಡು ಚಹಾದ ಬಣ್ಣದ, ಕಂದು ಮೂತ್ರ ಹೋದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಇಳಿಯುತ್ತಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಎಂಟು ಹತ್ತು ಗಂಟೆ ಮೂತ್ರವೇ ಹೋಗದಿದ್ದರೂ ಹಾಗೆಯೇ. ಗದ್ದೆಯ ನೀರಲ್ಲಿ, ಇಲಿಗಳಿರುವ ಕಬ್ಬಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಒಟ್ಟಿಗೆ ಬಂದರೆ ಇಲಿಜ್ವರ ಇರಬಹುದು. ಅದೂ ಮೂತ್ರಪಿಂಡವನ್ನು ಹಿಡಿಯುವ ಕಾಯಿಲೆ, ಬೇಗ ಔಷಧಿ ಕೊಟ್ಟರೆ ಗುಣವಾಗುತ್ತದೆ.

ಬಿಸಿಲಲ್ಲಿದ್ದವರು ತೊದಲಿದರೆ, ಗಲಿಬಿಲಿಗೊಂಡರೆ, ಮೈ ಬೆಂಕಿಯಂತೆ ಸುಟ್ಟು ಬಿದ್ದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕಾಯುತ್ತ ಕೂರಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ. ಕಂಕುಳು, ತೊಡೆಸಂದು, ಕತ್ತಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ರಕ್ತ ಪರೀಕ್ಷೆ

ಬಿಸಿಲ ದುಡಿಮೆಯಿಂದ ಕೆಡುವ ಮೂತ್ರಪಿಂಡದಲ್ಲಿ ಮೊದಮೊದಲು ಮೂತ್ರದಲ್ಲಿ ಪ್ರೋಟೀನ್ ಹೆಚ್ಚು ಕಾಣುವುದಿಲ್ಲ. ಆದ್ದರಿಂದ ಮೂತ್ರ ಪರೀಕ್ಷೆ ಸರಿಯಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಎಷ್ಟಿದೆ ಎಂದು ನೋಡಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ. ಗಂಡಸರಿಗೆ ಸಾಮಾನ್ಯವಾಗಿ 0.7ರಿಂದ 1.3 ಮಿಲಿಗ್ರಾಂ, ಹೆಂಗಸರಿಗೆ ಅದಕ್ಕಿಂತ ಕೊಂಚ ಕಡಿಮೆ ಇರುತ್ತದೆ. ಆದರೆ ‘ನಾರ್ಮಲ್’ ಎಂಬ ಒಂದು ಮಾತಿಗಿಂತ ಅದೇ ವ್ಯಕ್ತಿಯ ಹಿಂದಿನ ಅಂಕಿ ಹೆಚ್ಚು ಮಾತಾಡುತ್ತದೆ. ಹಂಗಾಮಿಗೆ ಮೊದಲು 0.8 ಇದ್ದ ಗಂಡಸಿಗೆ ಮುಗಿಯುವಾಗ 1.2 ಬಂದರೆ ಎರಡೂ ‘ನಾರ್ಮಲ್’ ಮಿತಿಯೊಳಗೇ ಇರುತ್ತವೆ, ಆದರೂ ಒಂದೂವರೆ ಪಟ್ಟು ಏರಿದ ಹಾಗಾಯಿತು. ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆದ್ದರಿಂದ ಗುಳೆ ಹೊರಡುವ ಮುನ್ನ ಒಮ್ಮೆ, ಊರಿಗೆ ಮರಳಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ದಿನವಿಡೀ ದುಡಿದ ಸಂಜೆಯಲ್ಲಿ ಬೇಡ, ರಾತ್ರಿ ವಿಶ್ರಾಂತಿ ಪಡೆದ ಮರುದಿನ ಬೆಳಿಗ್ಗೆ ಹೋಗಿ. ಹಿಂದಿನ ರಾತ್ರಿ ಮಾಂಸದೂಟ ಬೇಡ. ವಯಸ್ಸು ಲೆಕ್ಕ ಹಾಕಿ ‘ಇಜಿಎಫ್ಆರ್’, ಅಂದರೆ ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಬರೆದುಕೊಡಿ ಎಂದು ಕೇಳಿ. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಾಯಿಲೆ ಎಂದರ್ಥ, ಜಿಲ್ಲಾಸ್ಪತ್ರೆಯಲ್ಲಿ ತಜ್ಞರನ್ನು ಕಾಣಬೇಕು. ಆಗಲೂ ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳುವುದು ಸಾಧ್ಯ, ಬಿಸಿಲಿನ ದುಡಿಮೆ ಮತ್ತು ನೋವಿನ ಮಾತ್ರೆ ಎರಡನ್ನೂ ಬಿಟ್ಟರೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಹೀಗಾಗಿದ್ದರೆ, ಜೊತೆಗೆ ದುಡಿದ ಅಣ್ಣತಮ್ಮಂದಿರಿಗೂ ಅದೇ ವಾರ ಪರೀಕ್ಷೆ ಮಾಡಿಸಿ. ಪರೀಕ್ಷೆಯ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮೊಬೈಲಿನಲ್ಲಿ ಒಂದು ಫೋಟೊ ಹಿಡಿದಿಟ್ಟುಕೊಳ್ಳಿ. ಮುಂದಿನ ವರ್ಷ ಬೇರೆ ಊರಿನ ವೈದ್ಯರು ಮೊದಲು ಕೇಳುವುದು ಆ ಹಳೆಯ ಅಂಕಿಯನ್ನೇ.